ಓರ್ಸೆತಾಳ ಕೆನ್ನೆ

ಹೆಂಡತಿ ಓರ್ಸೆತಾ ತೀರಿಕೊಂಡು ಐದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಕೂತ ಕುರುಡ ಬಾಸ್ತಿಯಾನನಿಗೆ ಕಲ್ಲಿನ ತಂಪು ನೇರವಾಗಿ ಚರ್ಮಕ್ಕೇ ತಾಗಿತು. ಕೈ ಹಿಂದೆ ಹಾಕಿ ತಡವಿದ. ಷರಾಯಿಯ ಹಿಂಭಾಗ ಅಂಗೈ ತೂರುವಷ್ಟು ಹರಿದಿತ್ತು. ಹರಿದ ಅಂಚು ನವೆದು ನೂಲುನೂಲಾಗಿತ್ತು. ಇದು ನಿನ್ನೆ ಮೊನ್ನೆಯದಲ್ಲ, ಕಡಿಮೆಯೆಂದರೂ ತಿಂಗಳಾಗಿದೆ ಎಂದು ಅವನ ಬೆರಳು ಹೇಳಿತು.

ಆ ಒಂದು ತಿಂಗಳಲ್ಲಿ ಅವನು ದಿನವೂ ಸೇತುವೆಯ ಬಾಯಲ್ಲಿ ನಿಂತು ಸಂತರ ಹಾಡು ಹೇಳಿ ಭಿಕ್ಷೆ ಬೇಡಿದ್ದ. ಪ್ರತಿ ಭಾನುವಾರ ಪೂಜೆಗೆ ಹೋಗಿ ಎಲ್ಲರ ಮುಂದೆ ಮಂಡಿಯೂರಿದ್ದ. ರೊಟ್ಟಿಯವನು, ನೀರು ಹೊರುವವಳು, ಪಾದ್ರಿ, ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ. "ಏನ್ ಬಾಸ್ತಿಯಾನ್, ಮದುವೆ ಗಂಡಿನ ಥರ ಕಾಣ್ತಿದೀಯಲ್ಲ!" ಎಂದು ಮಾತ್ರ ಎಲ್ಲರೂ ಅಂದಿದ್ದರು. ಓರ್ಸೆತಾ ಇದ್ದಿದ್ದರೆ ಓಣಿಯ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು: "ಲೋ, ಹಿಂದೆ ಕಿಟಕಿ ತೆಗೆದಿಟ್ಕೊಂಡು ಎಲ್ಲಿಗೆ ಹೊರಟೆ? ನಿಲ್ಲು, ಹೊಲೀತೀನಿ."

ಅವಳು ಹಾಗೆಯೇ. ಮೂವತ್ತೊಂದು ವರ್ಷ ಅವನ ತೋಳು ಹಿಡಿದು ನಡೆದಳು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. "ಇವತ್ತು ಕಾಲುವೆ ನೀರು ಕೋಸು ಬೇಯಿಸಿದ ನೀರಿನ ಥರ ಇದೆ, ಅದರಲ್ಲೊಂದು ಸತ್ತ ಬೆಕ್ಕು." "ಪಾದ್ರಿ ಹೊಸ ಕೂದಲಿನ ಟೊಪ್ಪಿಗೆ ಹಾಕಿದಾನೆ, ಕುರಿಮರಿ ತಲೆ ಮೇಲೆ ಮಲಗಿದ ಹಾಗಿದೆ." "ನಿನ್ನ ಮೂಗು ಕೆಂಪಾಗಿದೆ, ಕುಡಿದದ್ದು ಸಾಕು." ಆಗ ವೆನಿಸ್ಸಿನಲ್ಲಿ ಶ್ರೀಮಂತ ಹೆಂಗಸರ ಲಂಗ ಎಷ್ಟು ಅಗಲವಾಗಿತ್ತೆಂದರೆ ಓಣಿಗಳೇ ಸಾಲುತ್ತಿರಲಿಲ್ಲ, ಅವರು ಸೇತುವೆ ಹತ್ತುವಾಗ ಅಡ್ಡಡ್ಡ ತಿರುಗಿ ಒದ್ದಾಡುವುದನ್ನು ಅವಳು ವರ್ಣಿಸುತ್ತಿದ್ದರೆ ಹುಟ್ಟುಕುರುಡ ಬಾಸ್ತಿಯಾನನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು.

ಅವಳ ಮುಖದ ತುಂಬ ಸಿಡುಬಿನ ಗುಳಿಗಳಿದ್ದವು. ಆರನೆಯ ವಯಸ್ಸಿನಲ್ಲಿ ಬಂದ ಸಿಡುಬು ಜೀವ ಉಳಿಸಿ ಮುಖ ತೆಗೆದುಕೊಂಡಿತ್ತು. ಕಣ್ಣಿದ್ದ ಗಂಡು ಯಾರೂ ಒಪ್ಪದಿದ್ದಾಗ ಅವಳಪ್ಪ, ಕಾಣದವನಿಗೆ ಕೊಟ್ಟರೆ ತಕರಾರಿರುವುದಿಲ್ಲ ಎಂದು ಬಾಸ್ತಿಯಾನನಿಗೆ ಕೊಟ್ಟ. ಮದುವೆಯ ದಿನ ಓಣಿಗೆ ಓಣಿಯೇ ನಕ್ಕಿತು. ಕುರುಡನಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಂಡ ಆ ಜನಕ್ಕಿಂತ ದಡ್ಡರುಂಟೇ? ಮೊದಲ ದಿನವೇ ಅವನ ಬೆರಳುಗಳು ಆ ಮುಖವನ್ನು ಓದಿ ಮುಗಿಸಿದ್ದವು. ಬೇರೆ ಹೆಂಗಸಿನ ಮುಖ ಅವನು ಮುಟ್ಟಿದವನಲ್ಲ, ತಾಯಿಯದೊಂದು ಬಿಟ್ಟು. ಅವನ ಪಾಲಿಗೆ ಹೆಣ್ಣಿನ ಮುಖವೆಂದರೆ ಹಾಗೆಯೇ ಇರುವುದು. ಎಡಗಣ್ಣಿನ ಕೆಳಗೆ ಎರಡು, ಹಣೆಯಲ್ಲಿ ಅಲ್ಲಲ್ಲಿ, ಬಲಗೆನ್ನೆಯಲ್ಲಿ ಚೆಲ್ಲಿದ ಕಾಳಿನಂತೆ ಒಂದಷ್ಟು. ಎಡಗೆನ್ನೆಯಲ್ಲಿ ತುಟಿಯ ಕೊನೆಗೆ ಹತ್ತಿ ಒಂದು ದೊಡ್ಡ ಗುಳಿ. ಅದರಲ್ಲಿ ಅವನ ಬೆರಳ ತುದಿ ಸರಿಯಾಗಿ ಕೂರುತ್ತಿತ್ತು.

ಚಳಿಗಾಲದ ಜ್ವರದಲ್ಲಿ ಅವಳು ಹೋದಳು. ಬಡವರನ್ನು ಹಾಕುವ ಗುಂಡಿಯಲ್ಲಿ ಹಾಕಿದರು. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ. ಮಕ್ಕಳಿರಲಿಲ್ಲ. ಕೆಲವು ತಿಂಗಳಲ್ಲೇ ಅವಳ ದನಿ ಅವನ ಕಿವಿಯಿಂದ ಸವೆಯತೊಡಗಿತು. ಏನು ಹೇಳುತ್ತಿದ್ದಳೆಂಬುದು ನೆನಪಿತ್ತು, ಹೇಗೆ ಎಂಬುದು ಜಾರುತ್ತಿತ್ತು. ಮುಖ ಮಾತ್ರ ಹತ್ತು ಬೆರಳಲ್ಲಿ ಭದ್ರವಾಗಿತ್ತು. ತಾನು ಸತ್ತ ದಿನ ಅದೂ ಮುಗಿಯಿತಲ್ಲ ಎಂಬ ಯೋಚನೆ ಅವನಿಗೆ ದಿನವೂ ಬರುತ್ತಿತ್ತು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಎಲ್ಲರೂ ಅವನೊಡನೆ ಸಕ್ಕರೆಯಂಥ ಮಾತಾಡುತ್ತಿದ್ದರು. ನಿಜ ಹೇಳುವಷ್ಟು ಹತ್ತಿರದವರು ಒಬ್ಬರೂ ಇರಲಿಲ್ಲ.

ಅದೇ ವರ್ಷ ಕುರುಡರ ಸಂಘದವರು ಚಿತ್ರ ಬರೆಸುವ ತೀರ್ಮಾನ ಮಾಡಿದರು. ಊರಿನ ಕುರುಡು ಭಿಕ್ಷುಕರೆಲ್ಲ ಸೇರಿ ಕಟ್ಟಿಕೊಂಡಿದ್ದ ಸಂಘ ಅದು. ಚರ್ಚಿನ ಪಕ್ಕಕ್ಕೆ ಅವರದೇ ಒಂದು ಪುಟ್ಟ ಪ್ರಾರ್ಥನೆಯ ಕೋಣೆ, ಅದರಲ್ಲಿ ಅವರದೇ ಪೀಠ. ಮುಖಂಡ ಲುನಾರ್ದೊ ಎಪ್ಪತ್ತು ದಾಟಿದ ಕುರುಡ. ಎಲ್ಲರೂ ಅವನನ್ನು ಬಾರ್ಬಾ, ಅಂದರೆ ಚಿಕ್ಕಪ್ಪ, ಎಂದೇ ಕರೆಯುತ್ತಿದ್ದರು.

"ಕುಂಟರ ಸಂಘದೋರು ಪೀಠದ ಮೇಲೆ ದೊಡ್ಡ ಚಿತ್ರ ಹಾಕ್ಸಿದಾರಂತೆ. ನಾವೇನ್ ಕಮ್ಮಿ?" ಎಂದ ಲುನಾರ್ದೊ ಸಭೆಯಲ್ಲಿ.

"ಬಾರ್ಬಾ, ಕುಂಟರು ಅವರ ಚಿತ್ರ ನೋಡ್ತಾರೆ. ನಮ್ದನ್ನ ಯಾರು ನೋಡ್ತಾರೆ?" ಎಂದು ಯಾರೋ ಕೇಳಿದರು.

"ದೇವರು ನೋಡ್ತಾನೆ. ಆಮೇಲೆ ಕುಂಟರು ನೋಡ್ತಾರೆ, ನೋಡಿ ಹೊಟ್ಟೆ ಉರ್ಕೋತಾರೆ. ಇನ್ನೇನಾಗ್ಬೇಕು?"

ಇದಕ್ಕೆ ಎದುರಾಡುವವರಿರಲಿಲ್ಲ. ಯಾವ ಚಿತ್ರವೆಂಬುದಕ್ಕೂ ಜಗಳವಾಗಲಿಲ್ಲ. ಹುಟ್ಟುಕುರುಡನೊಬ್ಬನಿಗೆ ಯೇಸು ಉಗುಳಿನಲ್ಲಿ ಮಣ್ಣು ಕಲಸಿ ಕಣ್ಣಿಗೆ ಹಚ್ಚಿ, ಹೋಗಿ ಕೊಳದಲ್ಲಿ ತೊಳೆದುಕೋ ಎಂದ ಪವಾಡ. ಡಿಸೆಂಬರಿನಲ್ಲಿ ಬರುವ ಸಂತ ಲೂಸಿಯಾಳ ಹಬ್ಬಕ್ಕೆ ಚಿತ್ರ ಪೀಠದ ಮೇಲಿರಬೇಕೆಂದು ಮಾತಾಯಿತು. ಲೂಸಿಯಾ ಕಣ್ಣಿನ ತಾಯಿ, ಅವಳ ಹಬ್ಬವೆಂದರೆ ಸಂಘಕ್ಕೆ ಎಲ್ಲಕ್ಕಿಂತ ದೊಡ್ಡದು.

ಚಿತ್ರಕಾರ ಫ್ಲಾಮಿನಿಯೊ ಆಗ ಊರಲ್ಲಿ ಹೆಸರು ಮಾಡಿದ್ದವನು. ಅವನ ಚಿತ್ರಗಳಲ್ಲಿ ಹುತಾತ್ಮರು ಕೂಡ ಆಗಷ್ಟೇ ಮಿಂದು ಬಂದವರಂತೆ ಗುಲಾಬಿ ಬಣ್ಣಕ್ಕಿರುತ್ತಿದ್ದರು. ಮೋಡವೆಲ್ಲ ಹಾಲಿನ ಕೆನೆ, ಅದರ ಮೇಲೆ ದುಂಡುದುಂಡು ದೇವದೂತ ಮಕ್ಕಳು. ಜನ ಮುಗಿಬಿದ್ದು ನೋಡುತ್ತಿದ್ದರು. ಹುಟ್ಟುಕುರುಡನ ಪಾತ್ರಕ್ಕೆ ಒಂದು ಮುಖ ಬೇಕೆಂದು ಅವನು ಸಂಘದ ಸಾಲಿನಲ್ಲಿ ನಡೆದುಕೊಂಡು ಹೋಗಿ ಬಾಸ್ತಿಯಾನನ ಮುಂದೆ ನಿಂತ.

"ಇವನು ಸಾಕು. ಇವನ ಹಣೆ ಮೇಲೆ ಬೆಳಕು ಚೆನ್ನಾಗಿ ಕೂರತ್ತೆ."

ಹೀಗೆ ಬಾಸ್ತಿಯಾನ್ ಬೇಸಿಗೆಯುದ್ದಕ್ಕೂ ವಾರಕ್ಕೆರಡು ಸಲ ಫ್ಲಾಮಿನಿಯೊನ ಕೆಲಸದ ಮನೆಗೆ ಹೋಗಿ, ಮಂಡಿಯೂರಿ, ಮುಖ ಮೇಲೆತ್ತಿ ಕೂರುವಂತಾಯಿತು. ಅಗಸೆ ಎಣ್ಣೆಯ ವಾಸನೆ ಅವನಿಗೆ ಹಿಡಿಸಿತು. ಯಾರೋ ತನ್ನನ್ನೇ ಗಮನವಿಟ್ಟು ನೋಡುತ್ತಿದ್ದಾರೆ ಎಂಬುದೂ ಹಿಡಿಸಿತು. ಕತ್ತು ಸರಿಮಾಡಲು ಚಿತ್ರಕಾರ ಗದ್ದ ಹಿಡಿದಾಗ ಅವನ ಎದೆ ತುಂಬಿಬರುತ್ತಿತ್ತು. ಓರ್ಸೆತಾ ಹೋದಮೇಲೆ ಅವನ ಮುಖವನ್ನು ಯಾರೂ ಮುಟ್ಟಿರಲಿಲ್ಲ.

"ಚಿತ್ರದಲ್ಲಿ ನನ್ ಹಿಂದೆ ಯಾರ್ ಯಾರಿದಾರೆ, ಸಿಯೊರ್?" ಎಂದು ಒಂದು ದಿನ ಕೇಳಿದ. ಸಿಯೊರ್ ಎಂದರೆ ಅಲ್ಲಿ ಯಜಮಾನರೇ ಎಂದ ಹಾಗೆ.

"ಶಿಷ್ಯರಿದಾರೆ. ಮೂಗು ಮುರಿಯೋ ಪಂಡಿತರಿದಾರೆ. ಮೇಲೆ ದೇವದೂತರು. ಎಡಗಡೆ ಕೊಳದ ಹತ್ರ ಕೊಡ ಹಿಡ್ಕೊಂಡು ಒಬ್ಬಳು ನೆರೆಮನೆಯವಳು. ಆ ಕತೆ ಗೊತ್ತಲ್ಲ? ಕಣ್ಣು ಬಂದ್ಮೇಲೆ ಅಕ್ಕಪಕ್ಕದೋರು, ಇವನೇ ಅಲ್ವಾ ಕೂತ್ಕೊಂಡು ಭಿಕ್ಷೆ ಬೇಡ್ತಿದ್ದೋನು ಅಂತಾರೆ. ಅವನನ್ನ ಮೊದಲು ಗುರುತು ಹಿಡಿಯೋಳು ಇವಳೇ ಅಂತ ಬರೀತಿದೀನಿ."

ಬಾಸ್ತಿಯಾನ್ ಧೈರ್ಯ ಮಾಡಿದ.

"ಸಿಯೊರ್, ಅವಳಿಗೆ ನನ್ ಹೆಂಡ್ತಿ ಮುಖ ಇಡ್ತೀರಾ?"

"ಎಲ್ಲಿದಾಳೆ? ಕರ್ಕೊಂಡ್ ಬಾ."

"ಸತ್ತೋದ್ಲು."

"ಅಯ್ಯೋ ಮಾರಾಯ! ನಾನು ನೋಡಿಲ್ಲ, ನೀನೂ ನೋಡಿಲ್ಲ. ಯಾವ ಮುಖ ಇಡ್ಲಿ?"

"ನನ್ ಕೈಗೆ ಗೊತ್ತು. ಮಣ್ಣು ಇದ್ರೆ ಕೊಡಿ."

ಮಣ್ಣಿತ್ತು. ಬಟ್ಟೆಯ ಮಡಿಕೆ, ಮೈಯ ತಿರುವು ನೋಡಿಕೊಳ್ಳಲು ಚಿತ್ರಕಾರರು ಸಣ್ಣ ಸಣ್ಣ ಮಣ್ಣಿನ ಗೊಂಬೆ ಮಾಡಿಕೊಳ್ಳುವುದುಂಟು. ಫ್ಲಾಮಿನಿಯೊ ಒಂದು ಮುದ್ದೆ ಹಸಿಮಣ್ಣನ್ನು ಅವನ ತೊಡೆಯ ಮೇಲಿಟ್ಟ, ತಮಾಷೆ ನೋಡೋಣವೆಂದು. ಮೂರು ದಿನ ಬಾಸ್ತಿಯಾನ್ ಅದನ್ನು ಒತ್ತಿದ, ಸವರಿದ, ಕೆಡಿಸಿದ, ಮತ್ತೆ ಒತ್ತಿದ. ಮೂಗು ಸರಿಬರಲಿಲ್ಲವೆಂದು ತನ್ನನ್ನೇ ಬೈದುಕೊಂಡ. ಮೂರನೆಯ ದಿನ ಅವನ ಬೆರಳು ತುಟಿಯ ಕೊನೆಯಲ್ಲಿ ಆ ಗುಳಿಯನ್ನು ಒತ್ತಿತು. ಒತ್ತಿದ್ದೇ ತಡ, ಅವನು ಗಳಗಳನೆ ಅತ್ತುಬಿಟ್ಟ. ಅಷ್ಟು ಹೊತ್ತು ಏನೇನೋ ಗೇಲಿ ಮಾಡುತ್ತಿದ್ದ ಫ್ಲಾಮಿನಿಯೊ ಕುಂಚ ಕೆಳಗಿಟ್ಟ.

"ಸರಿ ಬಿಡು. ಇಡ್ತೀನಿ. ಮಾತು ಕೊಟ್ಟೆ," ಎಂದ.

ಅಂದು ಬಾಸ್ತಿಯಾನ್ ಮನೆಗೆ ಹೋಗುವಾಗ ಕೋಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ನಡೆದ. ಇನ್ನು ತಾನು ಸತ್ತರೂ ಚಿಂತೆಯಿಲ್ಲ. ಅವಳ ಮುಖ ಪೀಠದ ಮೇಲಿರುತ್ತದೆ, ಮೊಂಬತ್ತಿಯ ಬೆಳಕಿನಲ್ಲಿ, ಸಂಘ ಇರುವಷ್ಟು ಕಾಲವೂ.

ನವೆಂಬರ್ ಕೊನೆಗೆ ಚಿತ್ರ ಮುಗಿಯಿತೆಂದು ಹೇಳಿಕಳಿಸಿದರು. ಸಂಘದಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು: ಕೈಯಿಂದ ಪರೀಕ್ಷೆ ಮಾಡದೆ ಅವರು ಯಾವ ವಸ್ತುವನ್ನೂ ಒಪ್ಪಿಕೊಳ್ಳುವವರಲ್ಲ. ಮೊಂಬತ್ತಿಯಾದರೆ ಉಗುರಿನಿಂದ ಕೆರೆದು ಮೇಣವೋ ಕೊಬ್ಬೋ ನೋಡುವರು, ಬಟ್ಟೆಯಾದರೆ ಕೆನ್ನೆಗೆ ಉಜ್ಜುವರು, ರೊಟ್ಟಿಯಾದರೆ ಬೆನ್ನಿಗೆ ತಟ್ಟಿ ಸದ್ದು ಕೇಳುವರು. ಚಿತ್ರಕ್ಕೆ ಮಾತ್ರ ವಿನಾಯಿತಿ ಏಕೆ? ಲುನಾರ್ದೊ ಆರು ಜನ ಹಿರಿಯರನ್ನು ಕಟ್ಟಿಕೊಂಡು, ಒಬ್ಬರ ಭುಜ ಒಬ್ಬರು ಹಿಡಿದು, ಸಾಲಾಗಿ ಕೆಲಸದ ಮನೆಗೆ ಬಂದ. ಅವರ ಹಿಂದೆ ಬೇರೆಯಾಗಿ ಬಾಸ್ತಿಯಾನನೂ ಬಂದ. ಅವನು ತನ್ನ ನೆರೆಯವಳಾದ ಮೆನೆಗಾಳನ್ನು ಬೇಡಿ ಕರೆತಂದಿದ್ದ. ಚೌಕದಲ್ಲಿ ಒಣದ್ರಾಕ್ಷಿ ಹಾಕಿದ ಹಿಟ್ಟಿನ ಉಂಡೆ ಕರಿದು ಮಾರುವ ವಿಧವೆ ಅವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಓರ್ಸೆತಾಳನ್ನು ಇಪ್ಪತ್ತು ವರ್ಷ ಕಂಡವಳು.

ಏಳು ಜನ ಕುರುಡರು ಕೈ ಮುಂದೆ ಚಾಚಿಕೊಂಡು ತನ್ನ ಚಿತ್ರದ ಕಡೆ ಬರುವುದನ್ನು ಕಂಡು ಫ್ಲಾಮಿನಿಯೊಗೆ ಜೀವ ಬಾಯಿಗೆ ಬಂತು.

"ಸ್ವಲ್ಪ ನಿಧಾನ! ಬಿಳಿ ಬಣ್ಣ ದಪ್ಪಗಿರೋ ಕಡೆ ಇನ್ನೂ ಒಣಗಿಲ್ಲ!"

ಯಾರು ಕೇಳುತ್ತಾರೆ? ಹದಿನಾಲ್ಕು ಅಂಗೈಗಳು ಪವಾಡದ ಕೆಳಭಾಗವನ್ನೆಲ್ಲ ಸವರಿದವು.

"ಇದೇನ್ ಸಿಯೊರ್?" ಎಂದ ಲುನಾರ್ದೊ. "ಬರೀ ಬಟ್ಟೆ! ಹಾಯಿ ಬಟ್ಟೆಗೆ ಅಂಬಲಿ ಬಳಿದ ಹಾಗಿದೆ. ಯೇಸು ಎಲ್ಲಿ?"

"ನೀವು ಅವರ ಪಾದ ಸವರ್ತಾ ಇದೀರಿ."

"ಪಾದ ಅಂತೆ! ಬೆರಳೇ ಇಲ್ಲ!"

ಹಿರಿಯರು ಗುಸುಗುಸು ಶುರುಮಾಡಿದರು. ಮೋಸ ಹೋದೆವಾ ಎಂಬ ಅನುಮಾನ. ಅಷ್ಟರಲ್ಲಿ ಒಬ್ಬನ ಕೈ ಚೌಕಟ್ಟಿಗೆ ತಾಗಿತು. ಚಿನ್ನದ ರೇಕು ಹಚ್ಚಿದ ಮರದ ಚೌಕಟ್ಟು ಅದು, ಸುರುಳಿ ಸುರುಳಿ ಎಲೆ, ಕಪ್ಪೆಚಿಪ್ಪು, ಬಳ್ಳಿ, ಹೂಗೊಂಚಲು ತುಂಬಿ ತುಳುಕುವಂಥದು. "ಬಾರ್ಬಾ, ಇಲ್ಲಿ ಬನ್ನಿ! ಇಲ್ಲಿದೆ!" ಎಂದು ಅವನು ಕೂಗಿದ್ದೇ ತಡ, ಎಲ್ಲರೂ ಚಿತ್ರ ಬಿಟ್ಟು ಚೌಕಟ್ಟಿಗೆ ಮುತ್ತಿದರು. ಕಪ್ಪೆಚಿಪ್ಪಿನ ಗೆರೆ ಎಣಿಸಿದರು, ಎಲೆಯ ನರ ಹಿಡಿದು ಹೋದರು, ಅಬ್ಬಾ ಎಂದರು. ಫ್ಲಾಮಿನಿಯೊ ತಿಂಗಳುಗಟ್ಟಲೆ ಬೆವರು ಸುರಿಸಿ ಬರೆದ ಪವಾಡವನ್ನು ಸಂಘ ಒಪ್ಪಿಕೊಂಡದ್ದು ಬಡಗಿಯ ಚೌಕಟ್ಟಿನ ದೆಸೆಯಿಂದ. ಆ ಮಹಾನುಭಾವನ ಮುಖ ಹೇಗಾಗಿತ್ತೋ, ನೋಡುವ ಭಾಗ್ಯ ಇದ್ದದ್ದು ಮೆನೆಗಾಳೊಬ್ಬಳಿಗೇ.

ಈ ಗದ್ದಲದಲ್ಲಿ ಬಾಸ್ತಿಯಾನ್ ಅವಳ ತೋಳು ಎಳೆದ. "ಮೆನೆಗಾ, ಎಡಗಡೆ, ಕೊಳದ ಹತ್ರ. ಕೊಡ ಹಿಡ್ಕೊಂಡವಳು. ಕಾಣ್ತಾಳಾ?"

"ಕಾಣ್ತಾಳೆ."

"ಯಾರು ಅದು?"

ಮೆನೆಗಾ ಒಂದು ಗಳಿಗೆ ತಡೆದಳು.

"ಅಯ್ಯೋ ದೇವರೇ, ನಮ್ ಓರ್ಸೆತಾನೇ! ಬಿಡಿಸಿಟ್ಟ ಹಾಗಿದಾಳೆ ಕಣೋ. ಎಷ್ಟು ಚೆಂದ ಅಂತೀಯಾ! ಪೀಚ್ ಹಣ್ಣಿನ ಥರ ಕೆನ್ನೆ, ನುಣ್ಣಗೆ, ಒಂದು ಮಚ್ಚೆ ಇಲ್ಲ."

ಬಾಸ್ತಿಯಾನ್ ಅವಳ ತೋಳು ಬಿಟ್ಟ. "ಸಂತೋಷ," ಎಂದ. ಹಿರಿಯರೆಲ್ಲ ಇನ್ನೂ ಕಪ್ಪೆಚಿಪ್ಪಿನ ಗುಂಗಿನಲ್ಲಿದ್ದರು. ಅವನು ಗೋಡೆಗೆ ಒರಗಿ ನಿಂತುಕೊಂಡ. ಹೆಂಡತಿ ಎರಡನೆಯ ಸಲ ಸತ್ತಂತಾಯಿತು. ಮೊದಲ ಸಲವಾದರೂ ಅಳಲು ನಾಲ್ಕು ಜನ ಬಂದಿದ್ದರು.

ಮರುದಿನ ಮಂಜು ಕವಿದಿತ್ತು. ಮಂಜು ಕವಿದರೆ ಊರಿಗೆ ಊರೇ ತಡವರಿಸುತ್ತದೆ, ಕುರುಡರಿಗೇನೂ ವ್ಯತ್ಯಾಸವಿಲ್ಲ. ಬಾಸ್ತಿಯಾನ್ ಕೋಲೂರಿಕೊಂಡು ಒಬ್ಬನೇ ಕೆಲಸದ ಮನೆಗೆ ಹೋಗಿ ಬಾಗಿಲು ತಟ್ಟಿದ.

"ಮತ್ತೇನು? ಚೌಕಟ್ಟು ಇನ್ನೊಂದ್ಸಲ ಸವರ್ಬೇಕಾ?" ಎಂದ ಫ್ಲಾಮಿನಿಯೊ. ಅವನಿಗೆ ಹಿಂದಿನ ದಿನದ ಅವಮಾನ ಇನ್ನೂ ಆರಿರಲಿಲ್ಲ.

"ಸಿಯೊರ್, ನನ್ ಹೆಂಡ್ತಿ ಗುಳಿಗಳೆಲ್ಲಿ?"

ಕುಂಚ ತೊಳೆಯುವ ಸದ್ದು ನಿಂತಿತು.

"ನಾನು ಮಣ್ಣಲ್ಲಿ ಇಟ್ಟಿದ್ದೆ. ಒಂದೂ ಬಿಡದೆ ಇಟ್ಟಿದ್ದೆ."

"ಕೂತ್ಕೋ ಬಾಸ್ತಿಯಾನ್."

"ನಿಂತೇ ಇರ್ತೀನಿ."

"ನೋಡು, ಮೂಗು ಅವಳದ್ದೇ ಇಟ್ಟಿದೀನಿ. ಗದ್ದ ಅವಳದ್ದೇ. ಆದ್ರೆ ಸಿಡುಬಿನ ಕಲೆ ಪೀಠದ ಮೇಲೆ ಹೇಗಯ್ಯಾ ಇಡೋದು? ಜನ ಬರೋದು ಮನಸ್ಸು ಹಗುರ ಮಾಡ್ಕೊಳೋಕೆ. ಕಾಯಿಲೆ, ಕಲೆ, ಕುರು, ಇದೆಲ್ಲ ಅವರ ಮನೇಲೇ ಬೇಕಾದಷ್ಟಿದೆ." ದನಿ ಸ್ವಲ್ಪ ಮೆತ್ತಗಾಯಿತು. "ಇನ್ನೊಂದು ಮಾತು. ಇದು ಪವಾಡದ ಚಿತ್ರ. ನಿನಗೆ ಕಣ್ಣು ಬರತ್ತೆ. ಅವಳ ಮುಖನೂ ವಾಸಿಯಾಗ್ಲಿ ಬಿಡು. ಸ್ವರ್ಗದಲ್ಲಿ ಎಲ್ಲರಿಗೂ ಹೊಸ ಮೈ ಕೊಡ್ತಾನೆ ದೇವರು. ನಿನಗೆ ಕಣ್ಣು, ಅವಳಿಗೆ ಕೆನ್ನೆ. ಅಲ್ಲಿ ಅವಳು ಹೀಗೇ ಇರ್ತಾಳೆ ಅಂತ ತಿಳ್ಕೋ."

"ಹಾಗಾದ್ರೆ ನಾನು ಅವಳನ್ನ ಹೇಗೆ ಗುರುತು ಹಿಡೀಲಿ?"

ಫ್ಲಾಮಿನಿಯೊ ಸ್ಟೂಲು ಎಳೆದು ತಾನೇ ಕೂತ.

"ಕಣ್ಣಿಂದ ಅವಳನ್ನ ನೋಡಿದೋನಲ್ಲ ನಾನು," ಎಂದ ಬಾಸ್ತಿಯಾನ್. "ಅಲ್ಲಿ ಕಣ್ಣು ಬಂತು ಅನ್ಕೊಳಿ. ಸಾವಿರ ಹೆಂಗಸ್ರು ಇರ್ತಾರೆ, ಎಲ್ಲಾ ನುಣ್ಣಗೆ, ಎಲ್ಲಾ ಚೆಂದ. ಅವಳ ಪಕ್ಕದಲ್ಲೇ ಹಾದು ಹೋಗ್ಬಿಡ್ತೀನಿ ಸಿಯೊರ್. ಮುಟ್ಟಿ ನೋಡಿದ್ರೂ ಗೊತ್ತಾಗಲ್ಲ. ಇಲ್ಲಿ ಒಬ್ಬನೇ ಇದೀನಿ, ಸರಿ, ಹೇಗೋ ನಡಿಯತ್ತೆ. ಅಲ್ಲೂ ಒಬ್ಬನೇ ಇರ್ಬೇಕಾ?"

ಕಪಾಟಿನ ಬಾಗಿಲು ಕಿರುಗುಟ್ಟಿತು. ಫ್ಲಾಮಿನಿಯೊ ಮಣ್ಣಿನ ತಲೆಯನ್ನು ಹೊರತೆಗೆದು, ಮೇಲಿನ ಚಿಂದಿ ಬಟ್ಟೆ ಬಿಚ್ಚಿ, ಕಿಟಕಿಯ ಹತ್ತಿರ ಒಯ್ದ. ಕೆಲಸ ಮುಗಿಸುವ ಅವಸರದಲ್ಲಿ ಆ ತಲೆಯನ್ನು ಒಂದೆರಡು ಸಲ ಮಾತ್ರ ನೋಡಿ ಒಳಗಿಟ್ಟಿದ್ದನೆಂದು ಅವನೇ ನಾಚಿಕೆಯಿಂದ ಒಪ್ಪಿಕೊಂಡ. ಈಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹಲಗೆಯ ಮೇಲೆ ಬಣ್ಣ ಕಲಸುವ ಸದ್ದು ಶುರುವಾಯಿತು.

"ಬಾ ಇಲ್ಲಿ. ಕೆನ್ನೆಗೆ ದಪ್ಪ ಬಣ್ಣ ಹಾಕಿದೀನಿ, ಹಸಿಯಿದೆ. ಕೈ ಕೊಡು. ಮೆತ್ತಗೆ."

ಅವನು ಬಾಸ್ತಿಯಾನನ ಮಣಿಕಟ್ಟು ಹಿಡಿದು, ತೋರುಬೆರಳನ್ನು ಚಿತ್ರದ ಒಂದು ಕಡೆಗೆ ತಂದು ನಿಲ್ಲಿಸಿದ. ಬೆರಳ ತುದಿಗೆ ತಣ್ಣಗೆ ಬೆಣ್ಣೆಯಂಥದು ತಾಗಿತು. ಬಾಸ್ತಿಯಾನ್ ಅದರ ಅಂಚು ಹುಡುಕಿದ. ಇಷ್ಟೇನಾ? ಇಡೀ ಕೆನ್ನೆ ಅವನ ಹೆಬ್ಬೆರಳಿನಷ್ಟಿತ್ತು. ಮೂವತ್ತೊಂದು ವರ್ಷದ ಹೆಂಡತಿ ಒಂದು ಹುರುಳಿಕಾಳಿನ ಮೂಗಿನವಳಾಗಿ ದೂರದಲ್ಲಿ ನಿಂತಿದ್ದಳು.

"ನಿನ್ನ ಬೆರಳಿಗೆ ಇಲ್ಲಿ ಒಂದಕ್ಕೇ ಜಾಗ," ಎಂದ ಫ್ಲಾಮಿನಿಯೊ. "ಯಾವುದು ಬೇಕೋ ನೋಡ್ಕೋ. ಉಳಿದದ್ದನ್ನ ಮಣ್ಣು ನೋಡಿ ನಾನು ಇಡ್ತೀನಿ. ಈ ಸಲ ಎಲ್ಲಾನೂ."

ಯಾವುದೆಂದು ಯೋಚಿಸುವ ಅಗತ್ಯವಿರಲಿಲ್ಲ. ತುಟಿಯ ಕೊನೆ ಎಲ್ಲಿ ಎಂದು ಕೇಳಿದ. ಚಿತ್ರಕಾರ ಬೆರಳನ್ನು ಕೂದಲೆಳೆಯಷ್ಟು ಸರಿಸಿದ. ಬಾಸ್ತಿಯಾನ್ ಬೆರಳನ್ನು ಓರೆಮಾಡಿ ತುದಿಯಿಂದ ಮೆಲ್ಲನೆ ಒತ್ತಿ ತೆಗೆದ. ಅಷ್ಟೇ. ಉಳಿದ ಹೊತ್ತೆಲ್ಲ ಮೂಲೆಯ ಸ್ಟೂಲಿನ ಮೇಲೆ ಕೂತು, ಕುಂಚ ಚುಕ್ಕೆ ಇಡುವ ಸಣ್ಣ ಸದ್ದು ಕೇಳುತ್ತಿದ್ದ. ಬೆರಳಿಗೆ ಹತ್ತಿದ ಬಣ್ಣವನ್ನು ಒರೆಸಿಕೊಳ್ಳಲಿಲ್ಲ.

ಹಬ್ಬದ ದಿನ ಸಂಘದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮುಗಿದು, ಚಿತ್ರದ ಮುಂದಿನ ಪರದೆ ಸರಿಸಿದಾಗ ಜನವೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು ಕೇಳಿಸಿತು. ನಿಜಕ್ಕೂ ಚೆಲುವಾದ ಚಿತ್ರವೇ ಅದು, ಫ್ಲಾಮಿನಿಯೊನನ್ನು ಗೇಲಿ ಮಾಡುವ ನಾಲಿಗೆಯೂ ಇದನ್ನು ಒಪ್ಪಬೇಕು. ಕುಂಟರ ಸಂಘದವರು ಬಂದಿದ್ದರು, ಅವರ ಊರುಗೋಲುಗಳ ಟಕಟಕ ಕೇಳಿ ಲುನಾರ್ದೊ ಹಿಗ್ಗಿ ಹೀರೆಕಾಯಿಯಾದ. ಬಾಸ್ತಿಯಾನ್ ಎಡಗೋಡೆಗೆ ಒತ್ತಿಕೊಂಡು ನಿಂತಿದ್ದ, ಪಕ್ಕದಲ್ಲಿ ಮೆನೆಗಾ. ಅವಳ ಬಟ್ಟೆಯಿಂದ ಕರಿದ ಎಣ್ಣೆಯ ಘಮ ಬರುತ್ತಿತ್ತು. ಅವಳನ್ನು ಅವನು ಈ ಸಲ ಏನೂ ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು.

ಜನ ಮುಂದೆ ಹೋಗಿ ನೋಡಿ ಹಿಂದಕ್ಕೆ ಬರುತ್ತಿದ್ದರು. ಬರುವವರೆಲ್ಲ ಅವನನ್ನು ಕಂಡು ಭುಜ ತಟ್ಟಿದರು. "ನೀನೇ ಅಲ್ವೇನೋ ಚಿತ್ರದಲ್ಲಿ! ರಾಜನ ಥರ ಇದೀಯ!" "ಯೇಸು ನಿನ್ನನ್ನೇ ನೋಡ್ತಿದಾನೆ, ಪುಣ್ಯವಂತ!" ಅವನು ತಲೆಯಾಡಿಸುತ್ತ ನಿಂತ. ಇಷ್ಟು ಜನದ ನಡುವೆ ಅವನಷ್ಟು ಒಂಟಿ ಇನ್ನೊಬ್ಬನಿರಲಿಲ್ಲ. ಓರ್ಸೆತಾಳ ಮಾತು ಯಾರೂ ಎತ್ತಲಿಲ್ಲ. ಅವಳು ಅಲ್ಲಿದ್ದಾಳೋ, ಅಥವಾ ಕೊನೆ ಗಳಿಗೆಯಲ್ಲಿ ಚಿತ್ರಕಾರನ ಕೈ ಮತ್ತೆ ಎಲ್ಲವನ್ನೂ ನುಣ್ಣಗೆ ಸವರಿಬಿಟ್ಟಿತೋ? ಇನ್ನು ಅದನ್ನು ಮುಟ್ಟಿ ತಿಳಿಯುವಂತಿಲ್ಲ. ಚಿತ್ರ ಎರಡಾಳೆತ್ತರಕ್ಕೆ ಹೋಗಿ ಕೂತಿತ್ತು.

ಆಗ ಮುಂದಿನಿಂದ, ಗುಂಪಿನ ಮಧ್ಯದಿಂದ ಒಂದು ಒರಟು ದನಿ ಕೇಳಿಸಿತು. ಮೀನುಪೇಟೆಯವನಿರಬೇಕು, ಕೂಗಿ ಕೂಗಿ ಒಡೆದ ಗಂಟಲು. ಪಕ್ಕದವನಿಗೆ ಹೇಳುತ್ತಿದ್ದ, ಆದರೆ ಇಡೀ ಕೋಣೆಗೆ ಕೇಳಿತು:

"ಲೋ, ಆ ಕೊಡ ಹಿಡ್ದಿರೋಳು ನೋಡೋ! ಆ ಸಿಡುಬು ಮೋರೆ ಬಜಾರಿ ಅಲ್ವೇನೋ, ಕುರುಡನ ಹೆಂಡ್ತಿ? ಕೊಳೆತ ಮೀನು ಕೊಟ್ಟೆ ಅಂತ ನನ್ ಮುಖಕ್ಕೇ ಎಸೆದಿದ್ಲು!"

ಬಾಸ್ತಿಯಾನ್ ದನಿ ಬಂದ ಕಡೆ ತಿರುಗಿದ.

"ಯಾರಣ್ಣ ಅದು?" ಎಂದು ಕೂಗಿದ. "ಯಾರು ಹೇಳಿದ್ದು? ಇನ್ನೊಂದ್ಸಲ ಹೇಳಣ್ಣ!"

ಯಾರೋ ಯಾರಿಗೋ ಮೊಣಕೈಯಿಂದ ತಿವಿದ ಸದ್ದು. ಪಿಸುಪಿಸು. ಆಮೇಲೆ ಅದೇ ಗಂಟಲು, ಈಗ ಸಕ್ಕರೆ ಹಾಕಿಕೊಂಡು: "ಏನಿಲ್ಲ ಬಾಸ್ತಿಯಾನ್, ಏನಿಲ್ಲ. ಚಿತ್ರ ಭಾಳ ಚೆನ್ನಾಗಿದೆ ಅಂದೆ ಅಷ್ಟೆ."

"ಅಲ್ಲಣ್ಣ, ಮೊದಲು ಅಂದಿದ್ದು. ಅದನ್ನೇ ಹೇಳು. ಬೇಜಾರಿಲ್ಲ ನನಗೆ. ದಮ್ಮಯ್ಯ ಅಂತೀನಿ, ಅದನ್ನೇ ಹೇಳು."

ಹೆಜ್ಜೆಗಳು ಅವಸರದಿಂದ ಬಾಗಿಲಿನ ಕಡೆ ಹೋದವು. ಲುನಾರ್ದೊ ಕೆಮ್ಮಿ, ಹಾಡು ಶುರುಮಾಡಿ ಎಂದು ಗದರಿದ. ಹಾಡು ಶುರುವಾಯಿತು, ಜನ ಮತ್ತೆ ಸರಿದಾಡತೊಡಗಿದರು.

"ಬಾರೋ, ಹೊರಗೆ ಹೋಗೋಣ. ಕುಡುಕ ಅವನು, ಏನೋ ಬಾಯಿಗೆ ಬಂದಿದ್ದು ಅಂದ," ಎಂದು ಮೆನೆಗಾ ತೋಳು ಹಿಡಿದಳು.

ಬಾಸ್ತಿಯಾನ್ ಕದಲಲಿಲ್ಲ. "ಮೆನೆಗಾ, ನೀನು ಕೇಳಿಸ್ಕೊಂಡ್ಯಲ್ಲ?"

"ಬಿಡು ಅದನ್ನ."

"ನೀನು ಹೇಳು. ಅವನು ಏನಂದ?"

"ನನ್ ಬಾಯಲ್ಲಿ ಬೇಡ ಬಾಸ್ತಿಯಾನ್. ಅವಳು ನನ್ ಅಕ್ಕನ ಹಾಗಿದ್ದೋಳು."

"ಅದಕ್ಕೇ ಹೇಳು ಅಂತಿರೋದು."

ಮೆನೆಗಾ ತಲೆಯೆತ್ತಿ ಚಿತ್ರ ನೋಡಿದಳು. ಆ ಗುಲಾಬಿ ಮುಖಗಳ ನಡುವೆ ಒಂದೇ ಒಂದು ಮುಖ ತೂತುತೂತಾಗಿ, ತುಟಿಯ ಕೊನೆಯಲ್ಲಿ ಯಾರೋ ಬೆರಳೊತ್ತಿದ ಗುಳಿಯೊಂದಿಗೆ, ಕಣ್ಣು ಬಂದವನ ಕಡೆ ನೋಡುತ್ತಿತ್ತು. ಒಂದು ವರ್ಷದಿಂದ ಅವನಿಗೆ ಸಿಹಿ ಸುಳ್ಳುಗಳನ್ನೇ ಉಣಿಸಿದ್ದ ಆ ಹೆಂಗಸು ಅವನ ಕಿವಿಯ ಹತ್ತಿರ ಬಗ್ಗಿದಳು.

"ಸಿಡುಬು ಮೋರೆ ಬಜಾರಿ ಅಲ್ವಾ, ಅಂದ. ಕುರುಡನ ಹೆಂಡ್ತಿ ಅಲ್ವಾ, ಅಂದ."

"ಇನ್ನೊಂದ್ಸಲ."

ಅವಳು ಇನ್ನೊಂದು ಸಲ ಹೇಳಿದಳು. ಹಾಡು ಮುಗಿಯುವವರೆಗೂ ಅವನು ಕೇಳುತ್ತಲೇ ಹೋದ, ಅವಳು ಅಳುತ್ತ ಹೇಳುತ್ತಲೇ ಹೋದಳು.